ಬ್ರಾಂಟ್‌ಗೆ ಕಳಿಸಿದ ಡಾಕ್

"ಬೇಡ, ಇದೂ ಬೇಡ" ಎನ್ನುತ್ತಾ ಯಿಪಿಂಗ್ ಇನ್ನೊಂದು ಕಂಪ್ಯೂಟರ್ ಡಾಕನ್ನು ಪಕ್ಕಕ್ಕೆ ಸರಿಸಿದಳು.

ಪ್ಯಾಕಿಂಗ್ ಮೇಜಿನ ಲಾಂಗ್ ಅಕ್ಕ ಕತ್ತರಿ ಕೆಳಗಿಟ್ಟಳು. "ಏನೇ ತಾಯಿ, ಡಾಕ್ ಆರಿಸ್ತಿದ್ದೀಯೋ, ಗಂಡು ನೋಡ್ತಿದ್ದೀಯೋ? ಬೆಳಗ್ಗೆಯಿಂದ ಚೆನ್ನಾಗೇ ಓಡ್ತಿದೆಯಲ್ಲ ಅದು!"

"ಅದು ಸಾಲದು ಅಕ್ಕ."

ಶೆನ್‌ಜೆನ್‌ನ ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಈ ಡಾಕ್ ಒಂದೇ. ಒಂದು ಕೇಬಲ್ ಸಿಕ್ಕಿಸಿದರೆ ಲ್ಯಾಪ್‌ಟಾಪಿಗೆ ಪರದೆ, ಕೀಲಿಮಣೆ ಎಲ್ಲವನ್ನೂ ಜೋಡಿಸಿಕೊಡುವ ಡಬ್ಬಿ. ಅದರ ಹೊಟ್ಟೆಯಲ್ಲಿ ಮಾಹಿತಿ ಉಳಿಸಿಡುವ ಎಸ್‌ಎಸ್‌ಡಿ ಡ್ರೈವ್ ಕೂರಿಸುವ ಗೂಡು. ಜನ ತಮ್ಮ ಫೋಟೊ, ಬರಹ, ಬದುಕನ್ನೆಲ್ಲ ಆ ಗೂಡಿನಲ್ಲಿಟ್ಟು ನಿಶ್ಚಿಂತೆಯಿಂದ ಮಲಗುತ್ತಿದ್ದರು. ಡಾಕಿಗೆ ಗುಣಮಟ್ಟದ ಪ್ರಮಾಣಪತ್ರ ಮಾತ್ರ ಇರಲಿಲ್ಲ. ಯಜಮಾನ ಝಾನ್ ಅದರ ಗೋಜಿಗೇ ಹೋಗಿರಲಿಲ್ಲ.

ಪ್ರಮಾಣಪತ್ರವಿಲ್ಲದ ಡಾಕುಗಳ ಹಣೆಬರಹ ಬರೆಯುವವನು ಕೆನಡಾದಲ್ಲಿದ್ದ. ಹಾಲಿಸ್ ಬ್ರಾಂಟ್. ಗಡ್ಡದವನು, ಉಣ್ಣೆ ಟೋಪಿಯವನು. ಡಾಕುಗಳನ್ನು ಪರೀಕ್ಷಿಸಿ ಅವನು ಹಾಕುವ ವಿಡಿಯೊ ನೋಡದೆ ಯಾವ ಗಿರಾಕಿಯೂ ಇಂಥ ಡಾಕ್ ಕೊಳ್ಳುತ್ತಿರಲಿಲ್ಲ. ದೊಡ್ಡ ದೊಡ್ಡ ಕಂಪನಿಗಳ ಮಾನವನ್ನೂ ಅವನು ನಗುನಗುತ್ತಲೇ ಕಳೆದಿದ್ದ. ಕಳಿಸಿದ ಡಾಕ್ ಕೆಟ್ಟರೆ ಇನ್ನೊಂದನ್ನು ಕೇಳುತ್ತಲೂ ಇರಲಿಲ್ಲ. ಗಿರಾಕಿಗೆ ಸಿಕ್ಕಂತೆ ತನಗೂ ಸಿಕ್ಕಿದ್ದೇ ಸಿಕ್ಕಿದ್ದು, ತೀರ್ಪು ಅದರ ಮೇಲೆಯೇ ಎನ್ನುತ್ತಿದ್ದ. ಯಿಪಿಂಗ್‌ಗೆ ಲೋಕದಲ್ಲಿ ನಂಬಿಕೆ ಉಳಿದಿದ್ದುದು ಈ ಮನುಷ್ಯನೊಬ್ಬನ ಮೇಲೆ.

ಈಗ ಕಂಟೇನರ್ ತುಂಬ ಡಾಕುಗಳು ಬಂದರಿನ ದಾರಿ ಕಾಯುತ್ತಿದ್ದವು. ಬ್ರಾಂಟ್ ಮೆಚ್ಚಿದರೆ ಹೊರಡುತ್ತವೆ. ಉಗಿದರೆ ಸರಕು ಕೊಳ್ಳಬೇಕಿದ್ದ ವ್ಯಾಪಾರಿ ಕೈ ಎತ್ತುತ್ತಾನೆ, ಕಾರ್ಖಾನೆಗೆ ಬೀಗ ಬೀಳುತ್ತದೆ. ಮಾದರಿ ಆರಿಸುವ ಕೆಲಸವನ್ನು ಝಾನ್ ಪರೀಕ್ಷಾ ವಿಭಾಗದ ಯಿಪಿಂಗ್‌ಗೆ ಒಪ್ಪಿಸಿದ್ದ.

ಈ ಸಲದ ಸರಕು ಹೇಗಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಗ್ಗವೆಂದು ಒಳಗಿನ ಒಂದು ಬಿಡಿಭಾಗ ಬದಲಾಯಿಸಿದ್ದರು. ಡಾಕ್ ಬಿಸಿಯೇರುತ್ತದೆ, ಏರಿದ ಮೇಲೆ ಡ್ರೈವ್ ಇದ್ದಕ್ಕಿದ್ದಂತೆ ಪರದೆಯಿಂದ ಕಣ್ಮರೆಯಾಗುತ್ತದೆ, ಅದರೊಂದಿಗೆ ಒಳಗಿದ್ದದ್ದೂ. ಮೊದಲು ಮಾರಿದ ಕೆಲವನ್ನು ಕೊಂಡವರಲ್ಲಿ ಚಿಲಿಯ ಒಬ್ಬ ಮೇಷ್ಟ್ರು ಇದ್ದರು. ತೀರಿಹೋದ ಒಬ್ಬ ಶಿಷ್ಯೆಯ ನಾಟಕದ ವಿಡಿಯೊ ಅದರಲ್ಲಿತ್ತು, ಅವಳ ತಾಯಿಗೆ ಕೊಡಬೇಕಿತ್ತು, ಮರಳಿ ಸಿಗಬಹುದೇ ಎಂದು ತೀರಾ ವಿನಯದಿಂದ ಕೇಳಿದ್ದರು. ಝಾನ್ ಹೇಳಿಕೊಟ್ಟ ಉತ್ತರವನ್ನೇ ಯಿಪಿಂಗ್ ಬರೆದಿದ್ದಳು: ದಯವಿಟ್ಟು ಕೇಬಲ್ ಬದಲಾಯಿಸಿ ನೋಡಿ. ಬರೆದ ದಿನ ಅವಳಿಗೆ ಊಟ ಸೇರಿರಲಿಲ್ಲ.

ಸರಿಮಾಡೋಣ ಎಂದು ಅವಳು ಗೋಗರೆದಿದ್ದಳು. "ಈ ಕಂಟೇನರ್ ಒಂದು ಹೋಗ್ಲಿ, ಆಮೇಲೆ ನೋಡೋಣ" ಎಂದು ಝಾನ್ ಬಾಯಿ ಮುಚ್ಚಿಸಿದ್ದ.

ಮುಂದಿನ ಡಾಕಿನಲ್ಲಿ ಡ್ರೈವ್ ಒಮ್ಮೆ ಮಾಯವಾಗಿ ತಾನಾಗಿಯೇ ಮರಳಿತು. ಅದನ್ನೂ ಸರಿಸಿದಳು.

"ಇದಕ್ಕೇನಾಯ್ತೇ?"

"ನಂಬೋಕಾಗಲ್ಲ ಅಕ್ಕ. ಒಂದ್ಸಲ ಹಾಗೆ, ಒಂದ್ಸಲ ಹೀಗೆ."

ಸಂಜೆಯ ಹೊತ್ತಿಗೆ ಬೇಕಾದದ್ದು ಸಿಕ್ಕಿತು. ಡ್ರೈವ್ ಕೂರಿಸಿದಳು, ಬಿಚ್ಚಿದಳು, ಬೇರೆ ಡ್ರೈವ್ ಕೂರಿಸಿದಳು. ಪರದೆಯ ಮುಂದೆ ಕದಲದೆ ಕುಳಿತಳು. ಎಷ್ಟು ಸಲ ಮಾಡಿದರೂ ಫಲ ಒಂದೇ.

ಝಾನ್ ಕಿವಿಗೆ ಫೋನ್ ಒತ್ತಿಕೊಂಡೇ ಬಂದು ಡಾಕಿನ ಮೇಲೆ ಅಂಗೈ ಇಟ್ಟ. "ಅಬ್ಬಾ, ಎಷ್ಟು ತಣ್ಣಗಿದೆ! ಮಿಕ್ಕಿದ್ದೆಲ್ಲ ಕಾದ ಬಾಣಲೆ ಥರ ಇದ್ವು. ಗಟ್ಟಿ ತಾನೇ? ಅಲ್ಲಿ ಹೋಗಿ ಕೈ ಕೊಡಲ್ಲ ತಾನೇ?"

"ಕೊಡಲ್ಲ ಸರ್. ಇದು ಮಾತು ಬದಲಾಯಿಸೋ ಜಾತಿ ಅಲ್ಲ."

ಯಿಪಿಂಗ್ ಪೆಟ್ಟಿಗೆಗೆ ಟೇಪ್ ಅಂಟಿಸಿದಳು, ಸೊಟ್ಟಗಾಯಿತೆಂದು ಕಿತ್ತಳು. ಲಾಂಗ್ ಅಕ್ಕ ಟೇಪನ್ನು ಕಸಿದುಕೊಂಡು ತಾನೇ ಅಂಟಿಸಿದಳು. "ಬಿಡೇ. ನನ್ನ ಮಗಳ ಫೀಸು ನಿಂತಿರೋದೇ ಇದರ ಮೇಲೆ" ಎಂದು ಪೆಟ್ಟಿಗೆಯನ್ನು ಮೆಲ್ಲಗೆ ತಟ್ಟಿದಳು. ಯಿಪಿಂಗ್‌ಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಪೆಟ್ಟಿಗೆ ಕೆನಡಾ ತಲುಪಿ ವಾರ ಕಳೆಯಿತು, ಬ್ರಾಂಟ್‌ನ ವಿಡಿಯೊ ಬಂತು. ಝಾನ್ ಎಲ್ಲರಿಗೂ ಹಾಲು ಹಾಕಿದ ಚಹಾ ತರಿಸಿ ಪರದೆಯ ಮುಂದೆ ನಿಲ್ಲಿಸಿದ. ಬ್ರಾಂಟ್ ಡಾಕನ್ನು ಅಂಗೈಯಲ್ಲಿ ಎತ್ತಿ ಹಿಡಿದಿದ್ದ. ಅವನ ಮಾತು ಕೆಳಗೆ ಅಕ್ಷರವಾಗಿ ಓಡುತ್ತಿತ್ತು.

"ಪ್ರಮಾಣಪತ್ರ ಇಲ್ಲ, ನಿಜ. ಆದ್ರೆ ಒಳಗಿನ ಡ್ರೈವಿಗೆ ನಾನು ನಾಲ್ಕು ದಿನ ಉಸಿರಾಡೋಕೂ ಬಿಟ್ಟಿಲ್ಲ, ಕಾಪಿ ಮಾಡ್ತಾನೇ ಇದ್ದೆ. ಒಂದ್ಸಲವಾದ್ರೂ ತಪ್ಪಿಸ್ಕೊಳ್ತಾ? ಊಹೂಂ! ಮುಟ್ಟಿದ್ರೆ ತಣ್ಣಗಿದೆ. ಕಣ್ಣು ಮುಚ್ಚಿಕೊಂಡು ತಗೊಳ್ಳಿ."

ಕಾರ್ಖಾನೆಯವರೆಲ್ಲ ಶಿಳ್ಳೆ ಹೊಡೆದರು. ಯಿಪಿಂಗ್ ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅತ್ತಳು. ಲಾಂಗ್ ಅಕ್ಕ ಅವಳನ್ನು ಎದೆಗವಚಿಕೊಂಡು "ಹುಚ್ಚಿ, ಗೆದ್ದಾಗ ಯಾರಾದ್ರೂ ಹೀಗೆ ಅಳ್ತಾರಾ?" ಎಂದಳು.

"ಇಷ್ಟು ಸರಕಿನಲ್ಲಿ ಅಂಥದ್ದೊಂದನ್ನ ಹೇಗೆ ಹುಡುಕಿದೆಯಮ್ಮ!" ಎಂದ ಝಾನ್. "ಇನ್ಮೇಲೆ ಎಲ್ಲ ಮಾದರಿಗಳನ್ನೂ ನೀನೇ ಆರಿಸು."

ಅಂದೇ ಕಂಟೇನರ್ ಬಂದರಿಗೆ ಹೊರಟಿತು. ಲಾರಿ ತಿರುವಿನಲ್ಲಿ ಮರೆಯಾಗುವುದನ್ನು ಯಿಪಿಂಗ್ ಕಿಟಕಿಯಿಂದ ನೋಡಿದಳು. ತಡೆಯಲು ಇನ್ನು ಯಾರೂ ಉಳಿದಿರಲಿಲ್ಲ.

ಅವಳು ಆರಿಸಿ ಕಳಿಸಿದ್ದ ಡಾಕಿನ ಗೂಡು ಹುಟ್ಟುವಾಗಲೇ ಸತ್ತಿತ್ತು. ಅದರಲ್ಲಿ ಯಾವ ಡ್ರೈವ್ ಕೂರಿಸಿದರೂ, ಒಮ್ಮೆಯೂ, ಯಾವ ಕಂಪ್ಯೂಟರಿಗೂ ಕಾಣಿಸುತ್ತಿರಲಿಲ್ಲ.