ಕೆಂಪು ಗುಂಡಿಯ ನೀಲಿ ಕೋಟು

ತಾನು ಲಾಂಚು ಹತ್ತುವುದನ್ನು ಮಿಹಾಯೊ ಕಣ್ಣಾರೆ ಕಂಡ. ಇದು ನಿಜವಾಗಿ ನಡೆದದ್ದು. ಸುಳ್ಳಾಗಿದ್ದರೆ ಇನ್ನಷ್ಟು ಚೆನ್ನಾಗಿ ಹೇಳಬಹುದಿತ್ತು.

ದಾರ್ ಎಸ್ ಸಲಾಮ್ ಬಂದರು, ಸಂಜೆ ನಾಲ್ಕು ಗಂಟೆ. ಆಚೆ ದಡದ ಕಿಗಂಬೋನಿಗೆ ಹೊರಡುವ ಲಾಂಚಿಗೆ ಜನ ನುಗ್ಗುತ್ತಿದ್ದರು. ಹತ್ತು ಹೆಜ್ಜೆ ಮುಂದೆ ಒಂದು ನೀಲಿ ಕೋಟು ಕುಂಟುತ್ತಿತ್ತು. ಎಡಗಾಲನ್ನು ತುಸು ಎಳೆದು ಬಲಗಾಲನ್ನು ಒತ್ತುವ ನಡಿಗೆ. ಮೂವತ್ತೈದು ವರ್ಷ ರೈಲಿನ ಗಾರ್ಡ್ ಆಗಿ ಮಿಹಾಯೊ ಗಳಿಸಿದ್ದ ಆಸ್ತಿ ಅದೊಂದೇ. ಕೋಟಿನ ತೋಳಿನಲ್ಲಿ ಒಂದು ಕೆಂಪು ಗುಂಡಿ. ನೀಲಿಯದು ಸಿಗದೆ ಹೆಂಡತಿ ಕಲುಂಡೆ ಹೊಲಿದದ್ದು. ಸೆಕೆಯೆಂದು ಆ ಕೋಟನ್ನು ಬೆಳಿಗ್ಗೆ ಮನೆಯ ಬಾಗಿಲ ಹಿಂದಿನ ಮೊಳೆಗೆ ಅವನೇ ನೇತುಹಾಕಿ ಬಂದಿದ್ದ.

ನೀಲಿ ಕೋಟು ಮೂರು ಸಲ ಕೆಮ್ಮಿತು. ಮಾತಿಗೆ ಮುಂಚೆ ಮಿಹಾಯೊ ಕೆಮ್ಮುವುದೂ ಮೂರೇ ಸಲ.

ಮಿಹಾಯೊ ಜನರನ್ನು ತಳ್ಳಿಕೊಂಡು ಅದರ ಹಿಂದೆಯೇ ಲಾಂಚು ಹತ್ತಿದ.

ನಿವೃತ್ತನಾದಾಗಿನಿಂದ ಗುರುವಾರ ಬಂತೆಂದರೆ ಅವನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಹಳಿಯ ಮೇಲೆ ಸವೆದವನಿಗೆ ಹಳಿಯಿಲ್ಲದ ನೀರಿನ ಹುಚ್ಚು. ತಂಗಿಯನ್ನು ನೋಡಲೆಂದು ಮೊಂಬಾಸಾಕ್ಕೆ ಹೋದಾಗ ನಾಲ್ಕು ದಿನವೂ ಅಲ್ಲಿನ ಲಾಂಚಿನಲ್ಲೇ ಅತ್ತಿಂದಿತ್ತ ಓಡಾಡಿದ್ದ. ತಂಗಿ ಅವನ ಮುಖ ಕಂಡದ್ದು ಊಟಕ್ಕೆ ಮಾತ್ರ. ಇವತ್ತು ಜಾಂಜಿಬಾರ್. ಹೋಗುವುದು ಒಬ್ಬನೇ, ಯಾರಿಗೂ ಹೇಳದೆ. ಮರಳುವುದು ಮಾತ್ರ ತಪ್ಪದೆ ನಾಲ್ಕರ ಲಾಂಚಿಗೆ.

"ನೀವು ಮುಳುಗಿದ್ರೆ ನಾನು ಯಾವ ದಿಕ್ಕಿಗೆ ತಿರುಗಿ ಅಳಲಿ? ಅದನ್ನಾದ್ರೂ ಹೇಳಿ ಹೋಗಿ," ಎಂದು ಕಲುಂಡೆ ಹೋದ ವಾರ ರೇಗಿದ್ದಳು.

ಬೇಲಿಯಾಚೆಯಿಂದ ನೆರೆಮನೆಯ ಕೊಂಡೋ ಕಿಸಕ್ಕನೆ ನಕ್ಕಿದ್ದ. "ಅಳೋದು ನೀನು ನೋಡ್ಕೋ ಅಕ್ಕಾ. ಮಿಕ್ಕಿದ್ದು ನನಗೆ ಬಿಡು."

ಕೊಂಡೋ ಜರಾಮೊ ಕುಲದವನು, ಮಿಹಾಯೊ ನ್ಯಾಮ್ವೇಜಿ. ಎರಡು ಕುಲಗಳಿಗೂ ಮುತ್ತಾತಂದಿರ ಕಾಲದ ಗೇಲಿನಂಟು. ಒಬ್ಬರನ್ನೊಬ್ಬರು ಏನಂದರೂ, ಏನು ಮಾಡಿದರೂ ಸಿಟ್ಟಾಗುವಂತಿಲ್ಲ. ಸಾವಿನ ಮನೆಗೂ ಮೊದಲು ಬಂದು, ಸತ್ತವನನ್ನು ಹಂಗಿಸಿ, ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋಗುವ ಹಕ್ಕು ಗೇಲಿನಂಟರದು.

ಸಾವು. ಮಿಹಾಯೊ ಲಾಂಚಿನ ಕಟಕಟೆ ಹಿಡಿದು ನಿಂತ. ಜಾಂಜಿಬಾರಿನಿಂದ ಬರುವಾಗ ನಡುಸಮುದ್ರದಲ್ಲಿ ಹಡಗು ಒಮ್ಮೆ ವಾಲಿತ್ತು. ಯಾರೋ ಚೀರಿದ್ದರು. ಅವನ ತಲೆ ಕಂಬಕ್ಕೆ ಬಡಿದಿತ್ತು. ಪಕ್ಕದ ಹೆಂಗಸು ವಾಂತಿಗೆಂದು ಕೊಟ್ಟ ಮಾತ್ರೆ ನುಂಗಿ ಕಣ್ಣು ಮುಚ್ಚಿದವನು ಮತ್ತೆ ತೆರೆದಾಗ ಹಡಗು ಖಾಲಿ. ನಡುವೆ ಏನಾಯಿತು? ಒಂದು ಚೂರೂ ನೆನಪಿಲ್ಲ. ತಾನು ಅಲ್ಲೇ ಸತ್ತುಹೋಗಿದ್ದರೆ?

ಶುಂಠಿ ಕಾಫಿ ಮಾರುವ ಮಕಾಮೆ ಹಿತ್ತಾಳೆಯ ಹೂಜಿ ಹಿಡಿದು ಬಂದ. ಪ್ರತಿ ಗುರುವಾರ ಮೊದಲ ಬಟ್ಟಲು ಮಿಹಾಯೊನಿಗೇ. ಇವತ್ತು ಅವನನ್ನು ದಾಟಿಕೊಂಡು ಸೀದಾ ನೀಲಿ ಕೋಟಿನ ಬಳಿಗೆ ಹೋದ.

"ಮಿಹಾಯೊ ಯಜಮಾನ್ರೇ, ಇವತ್ತು ಯಾವ ಕಡೆ ಸವಾರಿ?"

"ಹೇಳಿ ಹೋಗೋ ಅಭ್ಯಾಸ ನಂಗಿಲ್ಲಪ್ಪಾ," ಎಂದಿತು ನೀಲಿ ಕೋಟು, ತಿರುಗದೆ. ದನಿ ಮಿಹಾಯೊನದೇ.

"ಏ ಮಕಾಮೆ! ಇಲ್ಲಿ ನೋಡೋ, ನಾನಿಲ್ಲಿದ್ದೀನಿ!"

ಮಕಾಮೆ ತುಟಿ ಕಚ್ಚಿಕೊಂಡು ನೀರಿನ ಕಡೆ ತಿರುಗಿದ. ಕೈಯಲ್ಲಿದ್ದ ಬಟ್ಟಲುಗಳು ಗಲಗಲ ಅಲುಗಿದವು. ಸತ್ತವನ ದನಿ ಕಿವಿಗೆ ಬಿದ್ದರೆ ಯಾರ ಕೈಯಾದರೂ ನಡುಗೀತು.

ಮೀನುಬುಟ್ಟಿಯ ಹೆಂಗಸೊಬ್ಬಳು ಅವನ ಕಾಲು ತುಳಿದುಕೊಂಡು ಹೋದಳು. ನೋವಾಯಿತು. ಸತ್ತವರಿಗೂ ನೋವಾಗುತ್ತದೆಯೇ? ಕೇಳೋಣವೆಂದರೆ ಸತ್ತ ಪರಿಚಯಸ್ಥರು ಯಾರೂ ಆ ಲಾಂಚಿನಲ್ಲಿರಲಿಲ್ಲ.

ದಡ ಮುಟ್ಟುತ್ತಲೇ ನೀಲಿ ಕೋಟು ಬಾಡಿಗೆ ಬೈಕೊಂದರ ಹಿಂದೆ ಹಾರಿ ಕೂತು ಮಾಯವಾಯಿತು. ಹೋದ ದಾರಿ ಅವನ ಮನೆಯದೇ. ಮಿಹಾಯೊ ಕುಂಟುತ್ತಲೇ ಓಡಿದ.

ಅಂಗಳದಲ್ಲಿ ಚಾಪೆ ಹಾಸಿತ್ತು. ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಹಂಡೆ. ಮದುವೆಗೋ ಸಾವಿಗೋ ಮಾತ್ರ ಹೊರಬೀಳುವ ಹಂಡೆ. ಮದುವೆಯ ವಯಸ್ಸಿನವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನಡುವೆ ಒಂದು ಮಂಚ, ಮೇಲೆ ಬಿಳಿ ಬಟ್ಟೆ ಹೊದಿಸಿದ ದೇಹ. ಬಟ್ಟೆಯಂಚಿನಲ್ಲಿ ನೀಲಿ ತೋಳು ಇಣುಕುತ್ತಿತ್ತು. ಅದರಲ್ಲಿ ಕೆಂಪು ಗುಂಡಿ.

"ನಾನು ಬಂದೆ," ಎಂದ. ಯಾರೂ ತಲೆಯೆತ್ತಲಿಲ್ಲ. ಮುಖ ಮುಚ್ಚಿಕೊಂಡು ಕೂತವರ ಭುಜಗಳು ಕುಲುಕುತ್ತಿದ್ದವು. ಕೇರಿಗೆ ಕೇರಿಯೇ ನೆರೆದಿತ್ತು. ಎಲ್ಲರಿಗಿಂತ ಮೊದಲು ಬರಬೇಕಾಗಿದ್ದ ಕೊಂಡೋ ಒಬ್ಬ ಮಾತ್ರ ಕಾಣಲಿಲ್ಲ. ಗೇಲಿ ಮಾಡುವವನೂ ಇಲ್ಲದ ಸಾವು.

ಕಲುಂಡೆ ತಲೆಯ ಮೇಲೆ ಬಟ್ಟೆಯೆಳೆದುಕೊಂಡು ರಾಗವಾಗಿ ಅಳುತ್ತಿದ್ದಳು. "ಎಲ್ಲಿಗೆ ಅಂತ ಒಂದು ಮಾತು ಹೇಳಿ ಹೋಗಬಾರದಿತ್ತಾ!"

ಮಿಹಾಯೊ ಅವಳ ಮುಂದೆ ಮೊಣಕಾಲೂರಿದ.

"ಜಾಂಜಿಬಾರ್‌ಗೆ ಕಣೇ. ಹೇಳಿದ್ರೆ ನೀನೂ ಬರ್ತೀನಿ ಅಂತಿದ್ದೆ. ನನಗೆ ನೀರು ಅಂದ್ರೆ ಇವತ್ತಿಗೂ ಜೀವಭಯ. ಹೋಗ್ತಾ ಬರ್ತಾ ಕಂಬ ತಬ್ಕೊಂಡು ಕೂತಿರ್ತೀನಿ. ನೀನು ನೋಡಿ ನಗ್ತೀಯ ಅಂತ ಬಿಟ್ಟು ಹೋಗ್ತಿದ್ದೆ. ದೇವರು ಇನ್ನೊಂದು ಗುರುವಾರ ಕೊಟ್ರೆ ನಿನ್ನ ಕರ್ಕೊಂಡೇ ಹೋಗ್ತಿದ್ದೆ."

ಕಲುಂಡೆಯ ಅಳು ತಟ್ಟನೆ ನಿಂತಿತು.

"ಆಣೆ ಮಾಡಿ."

ಸತ್ತವನ ಮಾತು ಇವಳಿಗೆ ಹೇಗೆ ಕೇಳಿಸಿತೆಂದು ಯೋಚಿಸುವಷ್ಟು ಬುದ್ಧಿ ಅವನಲ್ಲಿ ಉಳಿದಿರಲಿಲ್ಲ. "ನಿನ್ನಾಣೆ," ಎಂದ.

ಹೆಣ ಮೂರು ಸಲ ಕೆಮ್ಮಿತು.

"ಅಕ್ಕಾ, ನಿನಗೆ ಗುರುವಾರ ಸಿಕ್ತು, ನನಗೆ ಕೋಟು ಸಿಕ್ತು," ಎನ್ನುತ್ತ ಬಿಳಿ ಬಟ್ಟೆ ಒದ್ದು ಕೊಂಡೋ ಎದ್ದು ಕೂತ. ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಮತ್ತು ಲಾಂಚಿನ ಕಟ್ಟೆಗೂ ಕೇಳಿಸುವಂತೆ, ಎಲ್ಲರಿಗಿಂತ ಜೋರಾಗಿ ನಕ್ಕವನು ಮಿಹಾಯೊ.