ಉಸಿರಿನ ಸೈಕಲ್ಲು

“ಈ ಹಾಳು ಕಾಲಿಗೆ ಇವತ್ತೇ ಏನು ಬಂತು?” ಎಂದು ಭಾಗೀರಥಮ್ಮ ತಮ್ಮಷ್ಟಕ್ಕೆ ಗೊಣಗಿಕೊಂಡು, ನಡುಮನೆಯ ಸೈಕಲ್ಲನ್ನು ತುಳಿಯುತ್ತಲೇ ಇದ್ದರು.

ಮನೆಮನೆಯ ಕರೆಂಟನ್ನು ಮನೆಯವರೇ ಸೈಕಲ್ ತುಳಿದು ಮಾಡಿಕೊಳ್ಳುವ ಕಾಲ ಬಂದು ಇಪ್ಪತ್ತು ವರ್ಷವಾಗಿತ್ತು. ಹೊಗೆ ತೊಲಗಿತು, ಗುಬ್ಬಚ್ಚಿ ಮರಳಿತು, ಬೀದಿಯಲ್ಲಿ ಒಬ್ಬರಿಗೂ ಸಕ್ಕರೆ ಕಾಯಿಲೆ ಉಳಿಯಲಿಲ್ಲ. ಹೊಗೆಯ ಕಾಲದಲ್ಲಿ ಕೆಟ್ಟಿದ್ದ ನಾಗಪ್ಪಯ್ಯನವರ ಎದೆ ಮಾತ್ರ ಸರಿಹೋಗಲಿಲ್ಲ. ಅವರ ಉಸಿರಿನ ಯಂತ್ರ ಓಡುತ್ತಿದ್ದುದು ಹೆಂಡತಿ ಭಾಗೀರಥಮ್ಮನ ಕಾಲಿನ ಬಲದಿಂದ.

ಬೆಳಿಗ್ಗೆ ಪಕ್ಕದ ಮನೆಯ ಜುಲೇಖಾಳನ್ನು ತಮ್ಮ ಬದಲಿಗೆ ತುಳಿಯಲು ಕೂರಿಸಿ, ಭಾಗೀರಥಮ್ಮ ಏಕಾದಶಿಯ ಉಪವಾಸದಲ್ಲೇ ಗುಡಿಗೆ ಹೋಗಿ ದೇವರ ದೀಪಕ್ಕೆ ಎರಡು ಗಂಟೆ ತುಳಿದು ಬಂದಿದ್ದರು. ಗಂಡನಿಗಾಗಿಯೇ ಹೊತ್ತ ಹರಕೆ. ಈಗ ಮೀನಖಂಡ ಕಲ್ಲಾಗಿತ್ತು. ಬದಲಿಗೆ ತುಳಿಯಲು ಜುಲೇಖಾ ಕೆಲಸ ಮುಗಿಸಿ ಊರಾಚೆಯಿಂದ ನಡೆದು ಬರುವವರೆಗೂ ಯಾರೂ ಇರಲಿಲ್ಲ.

“ಪದ್ಯ ಹೇಳ್ರೀ. ತಾಳ ಸಿಕ್ಕಿದ್ರೆ ಕಾಲು ಓಡುತ್ತೆ.”

ಒಂದು ಕಾಲಕ್ಕೆ ಊರೂರಲ್ಲಿ ಕಾವ್ಯ ಓದುತ್ತಿದ್ದ ನಾಗಪ್ಪಯ್ಯ ಎರಡು ಸಾಲು ಹೇಳುವಷ್ಟರಲ್ಲಿ ಕೆಮ್ಮಿದರು. “ನನ್ನ ಉಸಿರನ್ನೆಲ್ಲ ದೇವರ ದೀಪಕ್ಕೆ ಸುರಿದು ಬಂದಿದೀಯಲ್ಲೇ!”

“ತಮಾಷೆ ಸಾಕು. ಹೇಳಿ.”

ಚಕ್ರ ನಿಧಾನವಾಯಿತು. ಯಂತ್ರದ ಕೆಂಪು ದೀಪ ಮಿನುಗತೊಡಗಿತು. ಭಾಗೀರಥಮ್ಮ ಎರಡೂ ಕೈಗಳಿಂದ ಮಂಡಿಯನ್ನು ಒತ್ತಿ ಒತ್ತಿ ತುಳಿದರು. ತುಟಿ ಕಚ್ಚಿ ರಕ್ತ ಬಂದಿತ್ತು.

ನಾಗಪ್ಪಯ್ಯ ಅದನ್ನು ನೋಡಿದರು. “ಭಾಗೀ, ಸಾಕು ಕಣೇ. ಇಳಿದುಬಿಡು. ಕೈ ಮುಗೀತೀನಿ.”

“ಮುಂದಿನ ಪದ್ಯ ಹೇಳಿ. ನಾನಂತೂ ಇಳಿಯಲ್ಲ.”