ಮೊದಲ ವಕಾಲತ್ತು

ಐವತ್ತು ದಾಟಿದ ಮೇಲೆ ನರ್ಸ್ ಕೆಲಸ ಬಿಟ್ಟು ಅವಳು ಕಾನೂನು ಓದಲು ಹೊರಟಾಗ ಗಂಡ ಊಟದ ತಟ್ಟೆಯನ್ನೇ ಎಸೆದಿದ್ದ. ಅವಳು ಓದು ಮುಗಿಸಿ ವಕೀಲೆಯಾದ ಮೇಲೂ ಅವನ ಗೇಲಿ ನಿಂತಿರಲಿಲ್ಲ. "ಈ ವಯಸ್ಸಲ್ಲಿ ನಿನಗೆ ಯಾವ ಮುಠ್ಠಾಳ ಕೇಸ್ ಕೊಡ್ತಾನೆ?"

ಇವತ್ತು ಬೆಳಿಗ್ಗೆ ಅವನ ಹೆಸರಿಗೆ ಕೋರ್ಟಿನಿಂದ ಸಮನ್ಸ್ ಬಂತು. ಮೊದಲ ಹಾಳೆ ಓದುವಷ್ಟರಲ್ಲೇ ಕೆಂಡಾಮಂಡಲವಾದ.

"ಮೋಸದಿಂದ ಮನೆ ಬರೆಸ್ಕೊಂಡು ಆಚೆ ಹಾಕಿದ ಅಂತ ನಮ್ಮಮ್ಮ ನನ್ನ ಮೇಲೇ ಕೇಸ್ ಹಾಕಿದ್ದಾಳೆ ಕಣೇ!"

"ಆಚೆ ಹಾಕಿದ್ದು ಸುಳ್ಳಾ?"

"ಬಾಯಿ ಮುಚ್ಚು! ಅವಳು ಗೆದ್ರೆ ನೀನೂ ಬೀದಿಗೆ ಬೀಳ್ತೀಯ. ಕರಿಕೋಟು ಹೊಲಿಸ್ಕೊಂಡಿದ್ದೀಯಲ್ಲ, ನನ್ನ ಪರ ನೀನೇ ವಾದ ಮಾಡು. ನಿನಗೂ ಅವಳನ್ನ ಕಂಡ್ರೆ ಆಗಲ್ಲ. ಕೋರ್ಟಲ್ಲಿ ಅವಳ ಮಾನ ಹರಾಜು ಹಾಕು."

ಅವಳು ಕೊರಳಿಗೆ ಬಿಳಿ ಬ್ಯಾಂಡ್ ಕಟ್ಟಿಕೊಳ್ಳುತ್ತ ಹೇಳಿದಳು, "ಆಗಲ್ಲ ರೀ. ಆ ಕೇಸಲ್ಲಿ ಅತ್ತೆ ಪರ ವಕಾಲತ್ತು ಹಾಕಿರೋದೇ ನಾನು."

ಅವನು ಸಮನ್ಸನ್ನು ಮೇಜಿಗೆ ಬಡಿದ. "ನೀವಿಬ್ರೂ ಮಾತು ಬಿಟ್ಟು ಹತ್ತು ವರ್ಷ ಆಯ್ತಲ್ಲೇ!"

"ಈಗ್ಲೂ ಬಿಟ್ಟೇ ಇದ್ದೀವಿ. ಕೇಸಿನ ವಿಷಯ ಅಷ್ಟೇ ಮಾತಾಡೋದು."